ಮೈದಾನಕ್ಕೆ ಬೆನ್ನು ಹಾಕಿ ನಿಂತವನು

ಟಾರ್ಪಾಲಣ್ಣನಷ್ಟು ಫುಟ್‌ಬಾಲ್ ಹುಚ್ಚು ಹಿಡಿಸಿಕೊಂಡವನು ಆ ಊರಿನಲ್ಲಿ ಇನ್ನೊಬ್ಬನಿರಲಿಲ್ಲ. ಅವನಷ್ಟು ಕಡಿಮೆ ಫುಟ್‌ಬಾಲ್ ನೋಡಿದವನೂ ಇರಲಿಲ್ಲ. ಇದೇನು ಒಗಟು ಎನ್ನಬೇಡಿ. ಮೈದಾನದ ಉದ್ದನೆಯ ಬದಿಯ ಸ್ಟ್ಯಾಂಡಿನ ಮುಂದೆ, ಬೇಲಿಗೆ ತಾಗಿಕೊಂಡು, ಒಂದು ಕಬ್ಬಿಣದ ಅಟ್ಟಣಿಗೆ ಇತ್ತು. ಆಟ ಶುರುವಾದಾಗಿನಿಂದ ಮುಗಿಯುವವರೆಗೆ ಅವನು ಅದರ ಮೇಲೆ ಮೆಗಾಫೋನ್ ಹಿಡಿದು, ಮೈದಾನಕ್ಕೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ ನಿಲ್ಲುತ್ತಿದ್ದ. ಕೂಗಿಸುವುದು, ಹಾಡಿಸುವುದು, ತಂಡ ಸೋಲುತ್ತಿರುವಾಗ ಮೆಲ್ಲಗೆ ಎದ್ದು ಹೊರಡುವವರನ್ನು ಎಲ್ಲರ ಮುಂದೆ ನಾಚಿಸಿ ಕೂರಿಸುವುದು, ಎಲ್ಲ ಅವನದೇ. ಬೆನ್ನ ಹಿಂದೆ ನಡೆಯುತ್ತಿದ್ದ ಆಟವನ್ನು ಅವನು ಜನರ ಮುಖದಲ್ಲಿ ನೋಡಿಕೊಳ್ಳುತ್ತಿದ್ದ.

ಅದರಲ್ಲೂ ಒಂದು ಮುಖದಲ್ಲಿ. ಮೊದಲ ಸಾಲಿನಲ್ಲಿ ಅವನ ಹೆಂಡತಿ ಕೂರುತ್ತಿದ್ದಳು. ಹುಡುಗಿಯಾಗಿದ್ದಾಗ ಶಾಲೆಯ ತಂಡಕ್ಕೆ ಆಡಿದವಳು. ಆಟದ ಒಳಹೊರಗೆಲ್ಲ ಅವಳಿಗೆ ಗೊತ್ತು. ಉಳಿದವರು ಚೆಂಡು ಬಲೆಗೆ ಬಿದ್ದ ಮೇಲೆ ಎದ್ದರೆ ಅವಳು ಪಾಸು ಹೊರಡುವ ಹೊತ್ತಿಗೇ ಏಳುತ್ತಿದ್ದಳು. ಹುಬ್ಬು ಮೇಲೆ ಹೋಯಿತು, ಸೊಂಟ ಕುರ್ಚಿ ಬಿಟ್ಟಿತು ಎಂದರೆ ಏನೋ ಆಗಲಿದೆ ಎಂದೇ ಲೆಕ್ಕ. ಮನೆಯಲ್ಲಿ ಆ ಮುಖ ಅವನಿಗೆ ಅಷ್ಟು ಸುಲಭವಾಗಿ ಅರ್ಥವಾಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಅವಳು ಮುನಿಸಿಕೊಂಡಿದ್ದಾಳೆಂದು ಇವನಿಗೆ ಹೊಳೆಯುವಷ್ಟರಲ್ಲಿ ಎಷ್ಟೋ ಸಲ ಅವಳ ಮುನಿಸೇ ಇಳಿದು ಹೋಗಿರುತ್ತಿತ್ತು. ಮೈದಾನದಲ್ಲಿ ಮಾತ್ರ ಆ ಮುಖ ಅವನಿಗೆ ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಹೊಟ್ಟೆಪಾಡಿಗೆ ಅವನದು ಟಾರ್ಪಾಲು ಹೊಲಿಯುವ ಕೆಲಸ. ಹೆಸರು ಬಂದದ್ದೂ ಅಲ್ಲಿಂದಲೇ. ಲಾರಿಗಳು ನಿಲ್ಲುವ ಬೀದಿಯಲ್ಲಿ ಅಂಗಡಿ. ನೆಲದ ತುಂಬ ಹಾಸಿದ ದಪ್ಪ ಬಟ್ಟೆ, ಮೇಣ ತಿಕ್ಕಿದ ದಾರದ ಉಂಡೆಗಳು, ಹಗ್ಗ ತೂರಿಸಲು ಅಂಚಿಗೆ ಬಡಿಯುವ ಹಿತ್ತಾಳೆ ಬಳೆಗಳು, ಅಪ್ಪನ ಕಾಲದ ಒಂದು ದೊಡ್ಡ ಹೊಲಿಗೆ ಯಂತ್ರ. ಯಂತ್ರದ ಗದ್ದಲದಲ್ಲಿ ಯಾರೊಂದಿಗೆ ಮಾತಾಡಿದರೂ ಕೂಗಿಯೇ ಆಡಬೇಕು; ಗಂಟಲು ಪಳಗಿದ್ದು ಅಲ್ಲಿ. ಎಲ್ಲ ಅಂಚಿಗೂ ಜೋಡಿ ಹೊಲಿಗೆ ಹಾಕಿ, ಮೂಲೆಗಳಿಗೆ ಚರ್ಮದ ತುಂಡು ಕೊಡುವುದು ಅವನ ಪದ್ಧತಿ. ಅಂಗಡಿಯಲ್ಲಿ ಮೆತ್ತಗಿನ ಮನುಷ್ಯ. ಲಾರಿಯವರು ತಡವಾಯಿತೆಂದು ರೇಗಿದರೂ ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸುತ್ತಿದ್ದ. ಅಟ್ಟಣಿಗೆ ಹತ್ತಿದರೆ ಅವನೇ ಬೇರೆ. ಕೈ ಎತ್ತಿದರೆ ಇಡೀ ಸ್ಟ್ಯಾಂಡು ಏಳುತ್ತಿತ್ತು, ಇಳಿಸಿದರೆ ಕೂರುತ್ತಿತ್ತು. ಬದುಕಿನಲ್ಲಿ ಇನ್ನೆಲ್ಲೂ ತನ್ನ ಕೈಗೆ ಇಷ್ಟು ಬೆಲೆ ಇಲ್ಲವೆಂಬುದು ಅವನಿಗೂ ಗೊತ್ತಿತ್ತು.

ಆ ವರ್ಷ ಲೀಗಿಗೆ ವಿಡಿಯೋ ಬಂತು. ಸ್ಟ್ಯಾಂಡಿನ ಹಿಂದೆ ಬಿಳಿ ವ್ಯಾನೊಂದು ನಿಲ್ಲುತ್ತದೆ, ಅದರೊಳಗೆ ಪರದೆಗಳ ಮುಂದೆ ಕೂತವರು ಪ್ರತಿ ಗೋಲನ್ನೂ ತಿರುಗಿಸಿ ಮುರುಗಿಸಿ ನೋಡಿ ಮೈದಾನದ ರೆಫರಿಯ ಕಿವಿಗೆ ಹೇಳುತ್ತಾರೆ, ಇನ್ನು ತಪ್ಪು ತೀರ್ಪು ಎಂಬ ಮಾತೇ ಇಲ್ಲ ಎಂದರು. ಎಲ್ಲರಿಗಿಂತ ಮೊದಲು ಕುಣಿದಾಡಿದವನು ಟಾರ್ಪಾಲಣ್ಣನೇ. ರೆಫರಿಗಳಿಂದ ತಿಂದ ಪೆಟ್ಟುಗಳನ್ನೆಲ್ಲ ಅವನು ಮರೆಯದೆ ಇಟ್ಟುಕೊಂಡಿದ್ದ; ಕುಡಿದವನು ಹಾಡು ಶುರು ಮಾಡುವಂತೆ, ಯಾರಾದರೂ ಸಿಕ್ಕರೆ ಸಾಕು, ಒಂದೊಂದಾಗಿ ತೆಗೆಯುತ್ತಿದ್ದ.

ಸಂತೋಷ ಬಹಳ ದಿನ ಬಾಳಲಿಲ್ಲ. ಒಂದು ಗೋಲು, ಪಾಸು ಹೊರಡುವ ಗಳಿಗೆಯಲ್ಲಿ ಹೊಡೆದವನ ಕಂಕುಳು ಎದುರಾಳಿಯ ಕೊನೆಯ ಡಿಫೆಂಡರನಿಗಿಂತ ಮುಂದಿತ್ತು, ಅಂದರೆ ಆಫ್‌ಸೈಡ್ ಇತ್ತೆಂದು ಹೋಯಿತು. "ಕಂಕುಳಲ್ಲಿ ಗೋಲ್ ಹೊಡೀತಾರೇನ್ರೋ?" ಎಂದು ಅವನು ಮೆಗಾಫೋನಿನಲ್ಲೇ ಕೇಳಿದ. ಇನ್ನೊಮ್ಮೆ ಎದುರಾಳಿಯ ಕೈಗೆ ಎಲ್ಲರ ಕಣ್ಣಿಗೆ ರಾಚುವಂತೆ ಚೆಂಡು ಬಡಿದಾಗ ವ್ಯಾನು ಗೊರಕೆ ಹೊಡೆಯುತ್ತಿತ್ತು. "ಮೊದ್ಲು ರೆಫ್ರಿ ಒಬ್ಬನೇ ತಪ್ಪು ಮಾಡ್ತಿದ್ದ. ಈಗ ನಾಲ್ಕು ಜನ ಸೇರಿ ಅದೇ ತಪ್ಪನ್ನ ನಿಧಾನವಾಗಿ ಮಾಡ್ತಾರೆ," ಎಂದು ಅವನು ಹೇಳಿದ ಮಾತು ಊರೆಲ್ಲ ಓಡಾಡಿತು.

ಆದರೆ ಅವನ ನಿಜವಾದ ಸಂಕಟ ಬೇರೆ. ವ್ಯಾನು ಬಂದ ಮೇಲೆ ಮುಖಗಳು ಕೆಟ್ಟವು. ಮೊದಲೆಲ್ಲ ಗೋಲು ಬಿದ್ದರೆ ಇಡೀ ಸ್ಟ್ಯಾಂಡಿನ ಮುಖ ಒಮ್ಮೆಗೇ ಅರಳುತ್ತಿತ್ತು; ಅವನು ನೋಡುತ್ತಿದ್ದ ಗೋಲೆಂದರೆ ಅದೇ. ಈಗ ಜನ ಅರ್ಧ ಎದ್ದು, ಅರ್ಧ ಬಾಯಿ ತೆರೆದು, ಹಾಗೆಯೇ ನಿಂತು ಮೈದಾನದ ಮೂಲೆಯಲ್ಲಿ ನಿಲ್ಲಿಸಿದ್ದ ದೊಡ್ಡ ಪರದೆಯತ್ತ ಕತ್ತು ತಿರುಗಿಸುತ್ತಿದ್ದರು. ಕೊನೆಗೆ ಗೋಲು ಹೌದೆಂದು ಬಂದರೂ ಆ ಖುಷಿ ತಂಗಳಾಗಿರುತ್ತಿತ್ತು. ನಗುವುದಕ್ಕೂ ಅಪ್ಪಣೆ ಬೇಕೇ ಎಂದು ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಗಾಯಕ್ಕೆ ಉಪ್ಪು ಸವರಿದಂತೆ, ಆ ವ್ಯಾನಿನಲ್ಲಿ ಕೂರುವವರಲ್ಲಿ ಒಬ್ಬ ಅವನ ಸ್ವಂತ ಭಾವಮೈದ, ಹೆಂಡತಿಯ ತಮ್ಮ. ಮದುವೆ ವಿಡಿಯೋ ಮಾಡಿಕೊಂಡಿದ್ದವನಿಗೆ ಈ ಕೆಲಸ ಸಿಕ್ಕಿತ್ತು. ಒಂದು ಭಾನುವಾರ ಊಟಕ್ಕೆ ಬಂದಾಗ ಮಾತು ಅಲ್ಲಿಗೇ ಹೋಯಿತು.

"ಭಾವ, ತೀರ್ಪು ನಂದಲ್ಲ. ಅವರು ಕೇಳಿದ ಚಿತ್ರ ತೆಗೆದು ಹಾಕ್ತೀನಿ, ಅಷ್ಟೆ."

"ನೇಣು ಹಾಕೋನೂ ಅದನ್ನೇ ಹೇಳ್ತಾನೆ."

ಭಾವಮೈದ ತಟ್ಟೆಯ ಮುಂದಿನಿಂದ ಎದ್ದು ಕೈ ತೊಳೆದುಕೊಂಡು ಹೋದ. ಮತ್ತೆ ಬರಲಿಲ್ಲ. ಗಂಡನಿಗೆ ಎದುರಾಡುವಂತಿಲ್ಲ, ತಮ್ಮನನ್ನೂ ಬಿಡುವಂತಿಲ್ಲ, ನಡುವೆ ಸಿಕ್ಕಿ ನರಳಿದವಳು ಅವಳು. ತಮ್ಮನಿಗೆ ಫೋನು ಮಾಡಬೇಕಾದರೆ ಬಟ್ಟೆ ಒಣಗಿಸುವ ನೆಪದಲ್ಲಿ ಮಹಡಿಗೆ ಹೋಗುತ್ತಿದ್ದಳು.

ಋತುವಿನ ಕೊನೆಯ ಪಂದ್ಯಕ್ಕೆ ಟಾರ್ಪಾಲಣ್ಣ ಒಂದು ಉಪಾಯ ಹೂಡಿದ. ಗೆದ್ದರೆ ತಂಡ ಲೀಗಿನಲ್ಲಿ ಉಳಿಯುತ್ತದೆ. ಸಮವಾದರೂ ಕೆಳಗಿನ ದರ್ಜೆಗೆ ಬಿತ್ತೆಂದೇ. ಗೋಲು ಬಿದ್ದಾಗ ಸ್ಟ್ಯಾಂಡಿನಲ್ಲಿ ಎರಡು ಕಂಬಗಳ ನಡುವೆ ಎತ್ತಲು ಅವನು ಅಂಗಡಿಯಲ್ಲಿ ಕೂತು ಹೊಸ ಬಾವುಟ ಹೊಲಿದ. ತಂಡದ ನೀಲಿ ಹಳದಿ ಪಟ್ಟಿ, ಅಂಚಿಗೆ ಜೋಡಿ ಹೊಲಿಗೆ, ಹಳೆಯ ಬಾವುಟಕ್ಕಿಂತ ಇಡೀ ಒಂದು ಬಟ್ಟೆಯ ಅಗಲ ಹೆಚ್ಚು, ಕಂಬಗಳೂ ಎತ್ತರ. ಅದನ್ನು ಹಿಡಿಯುವವರನ್ನೆಲ್ಲ ಕರೆದು ಹೇಳಿದ: "ಇನ್ನು ವ್ಯಾನಿಗೆ ಕಾಯೋದು ಬೇಡ. ನಾನು ಕೈ ಬೀಸಿದ ತಕ್ಷಣ ಬಾವುಟ ಮೇಲೆ. ಆಮೇಲೆ ಅವರು ಗೋಲ್ ಕಿತ್ಕೊಂಡ್ರೆ ಕಿತ್ಕೊಳ್ಳಲಿ, ಆ ಒಂದು ಗಳಿಗೆ ಅಂತೂ ನಮ್ದು."

ಎಡಗಡೆಯ ಕಂಬ ಹಿಡಿಯುವ ಬಸ್ ಡ್ರೈವರ್ ತೊಡೆ ತಟ್ಟಿದ. "ಭೇಷ್! ಇದು ಮಾತು!"

ಪಂದ್ಯ ಎಳೆದಾಡಿತು. ಎರಡು ಕಡೆಯೂ ಗೋಲಿಲ್ಲ. ಹೊತ್ತು ಇಳಿಯುತ್ತಿದ್ದಂತೆ ಟಾರ್ಪಾಲಣ್ಣನ ಎದುರಿನ ಮುಖಗಳು ಒಂದೊಂದಾಗಿ ಬಿಳಿಚಿಕೊಂಡವು. ಹಾಡು ಹೇಳಿಕೊಟ್ಟರೆ ಬಾಯಿ ಮಾತ್ರ ಆಡುತ್ತಿದ್ದವು, ಕಣ್ಣು ಗಡಿಯಾರದ ಮೇಲಿತ್ತು. ಇನ್ನೇನು ಮುಗಿಯಿತು ಎನ್ನುವಾಗ ಹೆಂಡತಿಯ ಹುಬ್ಬು ಮೇಲೆ ಹೋಯಿತು. ಸೊಂಟ ಕುರ್ಚಿ ಬಿಟ್ಟಿತು.

ಅವನು ಹಿಂದುಮುಂದು ನೋಡಲಿಲ್ಲ. ಕೈ ಬೀಸಿದ.

ಬಾವುಟ ಫಟ್ಟನೆ ಬಿಚ್ಚಿಕೊಂಡು ಆಕಾಶಕ್ಕೆ ಎದ್ದಿತು. ಅದರ ಹಿಂದೆಯೇ ಕಿವಿ ಗಡಚಿಕ್ಕುವ ಕೂಗು. ಯಾರೋ ಯಾರನ್ನೋ ತಬ್ಬಿಕೊಂಡರು, ಬಸ್ ಡ್ರೈವರ್ ಕಂಬ ಹಿಡಿದುಕೊಂಡೇ ಅತ್ತುಬಿಟ್ಟ. ಟಾರ್ಪಾಲಣ್ಣ ಅಷ್ಟು ಮುಖಗಳನ್ನೂ ಕಣ್ತುಂಬ ನೋಡಿದ. ಆಮೇಲೆ ಅವು ನಿಂತವು. ಮೊದಲು ಮುಂದಿನ ಸಾಲು, ಅದರ ಹಿಂದಿನದು, ಹೀಗೆ ಮೇಲಿನವರೆಗೆ ಒಂದೊಂದೇ ಬಾಯಿ ಮುಚ್ಚಿತು. ಲೈನ್ ರೆಫರಿ ಆಫ್‌ಸೈಡ್ ಎಂದು ಕೈಯ ಚಿಕ್ಕ ಧ್ವಜ ಎತ್ತಿದ್ದ. ದೊಡ್ಡ ಪರದೆಯಲ್ಲಿ ಅಕ್ಷರಗಳು ಮೂಡಿದವು: ಪರಿಶೀಲನೆ ನಡೆಯುತ್ತಿದೆ.

ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಅವನು ಮೈದಾನದ ಕಡೆ ತಿರುಗಿದ. ನೋಡುವಂಥದ್ದೇನೂ ಇರಲಿಲ್ಲ. ಆಟಗಾರರು ಸೊಂಟದ ಮೇಲೆ ಕೈ ಇಟ್ಟುಕೊಂಡಿದ್ದರು. ರೆಫರಿ ಕಿವಿಗೆ ಬೆರಳು ಒತ್ತಿಕೊಂಡು ನೆಲ ನೋಡುತ್ತಿದ್ದ. ಕಾದರು. ಇನ್ನೂ ಕಾದರು. ಕೊನೆಗೆ ರೆಫರಿ ತೋಳು ಚಾಚಿದ. ಗೋಲು ಇಲ್ಲ. ಸ್ವಲ್ಪ ಹೊತ್ತಿಗೇ ಕೊನೆಯ ಸೀಟಿಯೂ ಆಯಿತು.

"ವ್ಯಾನಿಗೆ!" ಎಂದು ಮೆಗಾಫೋನಿನಲ್ಲಿ ಕೂಗಿದವನು ಬೇರೆ ಯಾರೂ ಅಲ್ಲ, ಅವನೇ.

ಇದ್ದ ಪೊಲೀಸರೆಲ್ಲ ಮೈದಾನದ ರೆಫರಿಗಳನ್ನು ಕಾಯಲು ಆಚೆ ಕಡೆ ಓಡಿದ್ದರು. ಸ್ಟ್ಯಾಂಡಿನ ಮೆಟ್ಟಿಲು ಇಳಿದ ಜನ ಹಿಂದಿನ ಅಂಗಳಕ್ಕೆ ನುಗ್ಗಿ ಬಿಳಿ ವ್ಯಾನನ್ನು ಸುತ್ತುವರಿದರು. ಅಂಗೈಗಳು ತಗಡಿನ ಮೇಲೆ ದಬದಬ ಬಿದ್ದವು. ಟಾರ್ಪಾಲಣ್ಣ ಎಲ್ಲರಿಗಿಂತ ಮುಂದೆ. ಆಗ ಬಾಗಿಲು ಒಂದು ಸಂದಿನಷ್ಟು ತೆರೆಯಿತು. ಬೆವರಿನಲ್ಲಿ ತೊಯ್ದ ಭಾವಮೈದನ ಮುಖ.

"ಭಾವ, ನೀವೊಬ್ರೇ ಒಳಗೆ ಬನ್ನಿ. ಕಾಲು ಹಿಡ್ಕೋತೀನಿ, ಬನ್ನಿ."

ಇವನು ನುಗ್ಗಿದ್ದು ಕಪಾಳಕ್ಕೆ ಬಾರಿಸುವ ಉದ್ದೇಶದಿಂದಲೇ. ಒಳಗೆ ಸೆಖೆ, ಕಾಲಿಗೆ ತೊಡರುವ ವೈರು, ಸಾಲಾಗಿ ಪರದೆಗಳು. ಮೂಲೆಯಲ್ಲಿ ವಿಡಿಯೋ ರೆಫರಿ, ಕನ್ನಡಕದ ಹೆಂಗಸು, ಕೈಚೀಲವನ್ನು ಎದೆಗೆ ಅವಚಿಕೊಂಡು ಕೂತಿದ್ದಳು.

"ಬೈಯೋದಕ್ಕೆ ಮುಂಚೆ ಇದನ್ನ ನೋಡಿ," ಎಂದ ಭಾವಮೈದ. "ಆಫ್‌ಸೈಡ್ ಹೌದೋ ಅಲ್ವೋ ಅಂತ ನೋಡೋ ಕ್ಯಾಮರಾ ಇರೋದು ನಿಮ್ಮ ಸ್ಟ್ಯಾಂಡಿನ ಚಾವಣಿ ಅಂಚಲ್ಲಿ. ನಿಮ್ಮ ತಲೆ ಮೇಲಿಂದಾನೇ ಅದು ಮೈದಾನ ನೋಡೋದು. ಪಾಸು ಹೊರಡೋ ಗಳಿಗೆ ಇದು."

ಪರದೆಯ ಮೇಲೆ ಆಟಗಾರ ಕಾಲು ಹಿಂದಕ್ಕೆ ಎಳೆದ. ಅಷ್ಟರಲ್ಲಿ ಕೆಳಗಿನಿಂದ ಏನೋ ಏರಿ ಬಂದು ಎಲ್ಲವನ್ನೂ ಮುಚ್ಚಿತು. ನೀಲಿ. ಹಳದಿ. ಪರದೆಯ ನಡುವೆ ಅಡ್ಡಲಾಗಿ ಎರಡು ಸಾಲು ಹೊಲಿಗೆ. ಅದನ್ನು ಹಾಕಿದ ಕೈ ಯಾರದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಚಿತ್ರ ಇಲ್ದೇ ಇದ್ರೆ ಮೈದಾನದಲ್ಲಿ ಕೊಟ್ಟ ತೀರ್ಪೇ ಖಾಯಂ," ಎಂದಳು ಕನ್ನಡಕದ ಹೆಂಗಸು, ತನ್ನಷ್ಟಕ್ಕೆ ತಾನೇ ಎಂಬಂತೆ. "ನಾವು ಏನ್ ಮಾಡೋಕಾಗುತ್ತೆ? ಬಟ್ಟೆ ನೋಡಿ ಗೋಲ್ ಕೊಡಕ್ಕಾಗುತ್ತಾ?"

ವ್ಯಾನು ಒಂದು ಕಡೆಗೆ ವಾಲಿತು. ಹೊರಗೆ ಜನ ಹೆಗಲು ಕೊಟ್ಟಿದ್ದರು. "ಉರುಳ್ಸಿ! ಒಟ್ಟಿಗೆ ತಳ್ಳಿ!" ಕಾಗದದ ಲೋಟವೊಂದು ಮೇಜಿನಿಂದ ಜಾರಿತು. ಹೆಂಗಸು ಚೀರಿದಳು.

ಭಾವಮೈದ ಅವನ ತೋಳು ಹಿಡಿದ. "ನಿಮ್ಮ ಮಾತು ಕೇಳ್ತಾರೆ, ಏನಾದ್ರೂ ಹೇಳಿ ಕಳ್ಸಿಬಿಡಿ. ಬಾವುಟದ ಮಾತು ಮಾತ್ರ ಎತ್ತಬೇಡಿ ಭಾವ. ನಿಮ್ಮನ್ನ ಉಳಿಸಲ್ಲ."

ಟಾರ್ಪಾಲಣ್ಣ ಬಾಗಿಲ ಮೆಟ್ಟಿಲ ಮೇಲೆ ಬಂದು ನಿಂತ. ಮೆಗಾಫೋನ್ ಎತ್ತಿದ. "ಸಾಕು, ನಡೀರಿ. ಇದರಿಂದ ಏನೂ ಬರಲ್ಲ. ಮನೆಗೆ ಹೋಗೋಣ." ಎಂದಿನಂತೆ ಕೈ ಇಳಿಸಿದ. ಯಾರೂ ಕದಲಲಿಲ್ಲ. ಅವನು ಇನ್ನೊಮ್ಮೆ ಕೈ ಇಳಿಸಿದ. ವ್ಯಾನಿನ ಆ ಕಡೆಯಿಂದ ಮತ್ತೆ ಹೆಗಲುಗಳು ಒತ್ತಿದವು, ಒಳಗೆ ಪರದೆಯೊಂದು ಬಿದ್ದು ಒಡೆದ ಸದ್ದಾಯಿತು. ಆ ಕೈ ಇಷ್ಟು ಬೇಗ ಸಾಮಾನ್ಯ ಕೈಯಾಗಿಬಿಡುತ್ತದೆಂದು ಅವನು ತಿಳಿದಿರಲಿಲ್ಲ. ಗುಂಪಿನ ಅಂಚಿನಲ್ಲಿ ಹೆಂಡತಿ ಕಂಡಳು. ತಮ್ಮ ಒಳಗಿದ್ದಾನೆಂದು ಗೊತ್ತಿದ್ದವಳು, ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಿದ್ದಳು.

"ನಮ್ಮ ಬಾವುಟ!" ಎಂದು ಅವನು ಕಿರುಚಿದ. "ಕೇಳ್ರೋ! ನಮ್ಮ ಬಾವುಟ ಕ್ಯಾಮರಾಗೆ ಅಡ್ಡ ಬಂತು! ಅವರಿಗೆ ಏನೂ ಕಾಣಿಸಿಲ್ಲ! ಕೈ ಬೀಸಿದ್ದು ನಾನು, ದೊಡ್ಡದಾಗಿ ಹೊಲಿದಿದ್ದೂ ನಾನು!"

ಹಿಂದಿನಿಂದ ಯಾರೋ ನಕ್ಕರು. "ಭಾವಮೈದನ್ನ ಉಳಿಸ್ಕೊಳ್ಳೋಕೆ ಕಥೆ ಕಟ್ತಿದ್ದಾನೆ!" "ನಿನ್ನ ಮನೆಯೋರೇ ವ್ಯಾನಲ್ಲಿ ಕೂತಿದ್ರೆ ಇನ್ನೇನ್ ಹೇಳ್ತೀಯ!" "ಸುಳ್ಳ! ವಿಡಿಯೋ ತೋರ್ಸು! ವಿಡಿಯೋ ತೋರ್ಸಿದ್ರೆ ನಂಬ್ತೀವಿ!"

ವರ್ಷವಿಡೀ ವಿಡಿಯೋಗೆ ಹಿಡಿಶಾಪ ಹಾಕಿದ ಜನ ಈಗ ವಿಡಿಯೋ ಬೇಕೆಂದು ಹಟ ಹಿಡಿದು ನಿಂತರು. ಟಾರ್ಪಾಲಣ್ಣ ಕಣ್ಣಾರೆ ಕಂಡ ಮಾತಿಗೂ ಸಾಕ್ಷಿ ಬೇಕಾಯಿತು.

ಭಾವಮೈದ ಉಳಿದಿದ್ದ ಒಂದು ಪರದೆಯನ್ನು ವೈರು ಸಮೇತ ಎತ್ತಿ ಬಾಗಿಲಿಗೆ ತಂದ. ಬಸ್ ಡ್ರೈವರ್ ಜನರನ್ನು ಸೀಳಿಕೊಂಡು ಮುಂದೆ ಬಂದು ಮೂಗು ತಾಗುವಷ್ಟು ಹತ್ತಿರ ಬಾಗಿದ. ಆಟಗಾರನ ಕಾಲು ಹಿಂದಕ್ಕೆ ಹೋಯಿತು, ಬಟ್ಟೆ ಏರಿತು, ಮುಚ್ಚಿತು. "ಇನ್ನೊಂದ್ ಸಲ ಹಾಕು," ಎಂದ. ಹಾಕಿದರು. "ಸ್ವಲ್ಪ ನಿಧಾನಕ್ಕೆ." ಹಾಕಿದರು. ಅವನು ನೆಟ್ಟಗಾದಾಗ ಮುಖದಲ್ಲಿ ರಕ್ತವಿರಲಿಲ್ಲ.

"ನಮ್ದೇ ಕಣ್ರೋ," ಎಂದ ಮೆಲ್ಲಗೆ. "ನನ್ನ ಕಂಬದ ಕಡೇದೇ."

ವ್ಯಾನಿಗೆ ಕೊಟ್ಟಿದ್ದ ಹೆಗಲುಗಳು ಒಂದೊಂದಾಗಿ ಬಿಟ್ಟವು. ನೀರಿನ ಬಾಟಲಿಯೊಂದು ಹಾರಿ ಬಂದು ಟಾರ್ಪಾಲಣ್ಣನ ಕಿವಿಯ ಪಕ್ಕ ಬಡಿಯಿತು. ಅವನು ತಲೆ ತಪ್ಪಿಸಿಕೊಳ್ಳಲಿಲ್ಲ. "ಹಾಳು ಮಾಡ್ದೆಯಲ್ಲೋ, ಇಡೀ ಊರನ್ನ ಕೆಳಗೆ ತಳ್ಳಿದೆಯಲ್ಲೋ," ಎಂದು ಒಬ್ಬ ಮುದುಕ ಅಳುತ್ತಲೇ ಬೈದ. ಯಾರೋ ಭಾವಮೈದನನ್ನು ಕೇಳಿದರು: "ಹಾಗಾದ್ರೆ ಗೋಲೋ, ಅಲ್ವೋ? ಅದನ್ನಾದ್ರೂ ಹೇಳಪ್ಪ."

"ಹೇಳಕ್ಕಾಗಲ್ಲ," ಎಂದ ಅವನು. "ಯಾರೂ ಹೇಳಕ್ಕಾಗಲ್ಲ."

ಆಫ್‌ಸೈಡೇ ಇದ್ದಿರಬಹುದು ಎಂದು ಒಬ್ಬ, ಇರಲಾರದು ಎಂದು ಇನ್ನೊಬ್ಬ, ಗೊಣಗುತ್ತ ಗೇಟಿನ ಕಡೆ ನಡೆದರು. ಬಸ್ ಡ್ರೈವರ್ ಹೋಗುವಾಗ ಅವನತ್ತ ತಿರುಗಿ ನೋಡಲಿಲ್ಲ. ಅಂಗಳ ಖಾಲಿಯಾಯಿತು. ಕನ್ನಡಕದ ಹೆಂಗಸನ್ನು ಪೊಲೀಸರು ಬಂದು ಕರೆದುಕೊಂಡು ಹೋದರು.

ಭಾವಮೈದ ಒಡೆದ ಗಾಜನ್ನು ಒಟ್ಟು ಮಾಡುತ್ತಿದ್ದ. ಟಾರ್ಪಾಲಣ್ಣ ಬಾಗಿಲಿಗೆ ಒರಗಿ ಕೇಳಿದ: "ಜನಕ್ಕೆ ಹೇಳಿದ್ದು ಬಿಡು. ಬೇರೆ ಕ್ಯಾಮರಾಗಳೂ ಇದ್ವಲ್ಲ. ನಿನ್ನ ಕಣ್ಣಿಗೆ ಏನು ಕಾಣಿಸ್ತು?"

"ಯಾಕೆ ಭಾವ ಈಗ ಅದೆಲ್ಲ?"

"ವರ್ಷಪೂರ್ತಿ ಇದನ್ನೇ ತಾನೆ ನಾನು ನಿಮ್ಮನ್ನ ಕೇಳಿದ್ದು? ಇದ್ದದ್ದನ್ನ ಇದ್ದ ಹಾಗೆ ಹೇಳಿ ಅಂತ."

ಭಾವಮೈದ ಕೈಯಲ್ಲಿದ್ದ ಗಾಜಿನ ಚೂರುಗಳನ್ನು ಕೆಳಗಿಟ್ಟ. "ಗೋಲಿನ ಹಿಂದಿನ ಕ್ಯಾಮರಾದಲ್ಲಿ ಕೊನೇ ಡಿಫೆಂಡರ್ ಕಾಲು ನಮ್ಮವನಿಗಿಂತ ಗೋಲಿಗೆ ಹತ್ತಿರ ಇದ್ದ ಹಾಗೆ ಒಂದಿಷ್ಟು ಕಾಣುತ್ತೆ. ತೀರ್ಪು ಬದಲಾಯಿಸೋಕೆ ಅದು ಸಾಲದು, ರೂಲ್ ಒಪ್ಪಲ್ಲ. ಆದ್ರೆ ನನ್ನ ಕಣ್ಣಿಗೆ... ಗೋಲ್ ಭಾವ. ಆಫ್‌ಸೈಡ್ ಇರಲಿಲ್ಲ."

ಟಾರ್ಪಾಲಣ್ಣ ತಲೆ ಆಡಿಸಿದ. ಇಳಿದು ಮೆಟ್ಟಿಲ ಮೇಲೆ ಕುಸಿದು ಕೂತ. ಹೆಂಡತಿ ಅಲ್ಲೇ ನಿಂತಿದ್ದಳು, ಅವಳಿಗೂ ಕೇಳಿಸಿತ್ತು. ಪಕ್ಕದಲ್ಲಿ ಕೂತು, ಸೆರಗಿನ ತುದಿಯಿಂದ ಅವನ ಕಿವಿಯ ಬಳಿ ಒಸರಿದ್ದ ರಕ್ತ ಒತ್ತಿದಳು.

ಅವನ ಬಾಯಿ ತಾನಾಗಿಯೇ ತೆರೆಯಿತು. ಸೋತ ಪ್ರತಿ ಸಂಜೆಯೂ ಮನೆ ಮುಟ್ಟುವವರೆಗೆ ಬೈದು ಬೈದು ಎದೆ ಹಗುರ ಮಾಡಿಕೊಂಡ ಬಾಯಿ ಅದು. ರೆಫರಿಯನ್ನು ಬೈದಿದ್ದ, ಲೈನಿನವನನ್ನು ಬೈದಿದ್ದ, ವ್ಯಾನನ್ನು ಬೈದಿದ್ದ. ಈ ಸಂಜೆ ಲೈನಿನವನ ತಪ್ಪನ್ನು ವ್ಯಾನು ತಿದ್ದುವುದಕ್ಕೆ ಅಡ್ಡ ಬಂದದ್ದು ಅವನದೇ ಬಾವುಟ; ಬೈಯಲು ಒಬ್ಬರೂ ಉಳಿದಿರಲಿಲ್ಲ. ಅಳುವಿಗೆ ಅವನ ಭುಜ ಕುಲುಕತೊಡಗಿತು.

"ನಾನು ಎದ್ದಿದ್ದಕ್ಕೆ ತಾನೆ ನೀವು ಕೈ ಬೀಸಿದ್ದು," ಎಂದಳು ಅವಳು. "ನನಗೇ ಬೈರಿ. ಬಾಯಿಗೆ ಬಂದ ಹಾಗೆ ಬೈದುಬಿಡ್ರಿ."

ಅವನು ಅವಳ ಕಡೆ ತಿರುಗಿದ. ಬೈಯಲು ನೋಡಿದ, ಆಗಲಿಲ್ಲ.